ಎಳೆಯ ಕೈಗೆ ಬಣ್ಣ ಕೊಡಿರಿ



ಮೂರು ನಾಲ್ಕು ವರುಷದ ಕೂಸು ಇರುವ ಮನೆಯ ಗೋಡೆ ಬಹುಕಾಲ ಬೆಳ್ಳಗೆ ಉಳಿಯದು. ಬಳಪ ಸಿಕ್ಕರೆ ಬಳಪ, ಇದ್ದಿಲು ಸಿಕ್ಕರೆ ಇದ್ದಿಲು, ಏನೂ ಸಿಗದಿದ್ದರೆ ತಟ್ಟೆಯಲ್ಲಿ ಉಳಿದ ಸಾರಿನಲ್ಲಿ ಬೆರಳದ್ದಿ ನೆಲದ ಮೇಲೆ ಗೆರೆ ಎಳೆಯುವುದು ಆ ವಯಸ್ಸಿನ ಧರ್ಮ. ಹಿರಿಯರು ಇದನ್ನು ತುಂಟತನವೆಂದು ಬಗೆದು ಗದರಿಸುತ್ತಾರೆ. ಇಲ್ಲವೆ ಕಾಲಹರಣವೆಂದು ಉಪೇಕ್ಷಿಸುತ್ತಾರೆ. ಇದು ತುಂಟತನವೂ ಅಲ್ಲ, ಕಾಲಹರಣವೂ ಅಲ್ಲ. ಶಾಲೆಗೆ ಹೋಗುವ ಮುನ್ನ ಮಗು ತನಗೆ ತಾನೇ ಹೇಳಿಕೊಳ್ಳುವ ಪಾಠ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಈ ವಿಷಯವನ್ನು ಎತ್ತಿಕೊಳ್ಳಲು ಓದುಗ ಸೋದರಿಯೊಬ್ಬರ ಪತ್ರ ಕಾರಣವಾಗಿದೆ. ಅವರ ಮಗನಿಗೆ ನಾಲ್ಕು ವರುಷ. ಬಣ್ಣದ ಕಡ್ಡಿ ಕೈಗೆ ಬಂದರೆ ಊಟವನ್ನೂ ಮರೆಯುವ ಹುಡುಗ. ಮಾವನವರು ಹಬ್ಬಕ್ಕೆಂದು ಸುಣ್ಣ ಬಳಿಸಿದ ಪಡಸಾಲೆಯ ಗೋಡೆಯ ಮೇಲೆ ಆತ ಒಂದು ಸಂಜೆ ಉದ್ದಗಲಕ್ಕೂ ಗೀಚಿಬಿಟ್ಟನಂತೆ. ಮಾವನವರು ನೊಂದುಕೊಂಡರು. ಪತಿಯವರು, “ಪಕ್ಕದ ಮನೆಯ ಹುಡುಗ ಇಂಗ್ಲಿಷಿನ 26 ಅಕ್ಷರಗಳನ್ನೂ ಬರೆಯುತ್ತಾನೆ, ನಮ್ಮವನು ಗೀಚುತ್ತ ಕೂತಿದ್ದಾನೆ. ಮೊದಲು ಅಕ್ಷರ ತಿದ್ದಿಸು” ಎಂದು ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದರು. ಅಂದಿನಿಂದ ಮಗು ಮೊಬೈಲಿಗಾಗಿ ಹಟ ಹಿಡಿಯುತ್ತಿದೆ. “ಶಾಸ್ತ್ರಿಗಳೇ, ಬಣ್ಣ ಕೊಡಲೇ, ಬೇಡವೇ? ಮನೆಯವರಿಗೆ ಏನೆಂದು ಹೇಳಲಿ?” ಎಂದು ಆ ತಾಯಿ ಕೇಳಿದ್ದಾರೆ. ಇಂಥ ಪ್ರಸಂಗ ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ಉತ್ತರವನ್ನು ಎಲ್ಲರಿಗೂ ಕೂಡಿಯೇ ಹೇಳುವುದು ಲೇಸು.

ಗೀಚಿನಿಂದ ಚಿತ್ರದವರೆಗೆ

ಮಗುವಿನ ಗೀಚಿಗೂ ಒಂದು ಕ್ರಮವಿದೆ. ಒಂದೂವರೆ ವರುಷದ ಕೂಸು ಮುಷ್ಟಿಯಲ್ಲಿ ಕಡ್ಡಿ ಹಿಡಿದು ಭುಜದಿಂದಲೇ ತೋಳನ್ನು ಬೀಸುತ್ತದೆ. ಗೆರೆ ಮೂಡಿದ್ದನ್ನು ಕಂಡು ತಾನೇ ಬೆರಗಾಗುತ್ತದೆ. ‘ನಾನು ಮಾಡಿದೆ, ಅದು ಉಳಿಯಿತು’ ಎಂಬ ಅರಿವು ಅಲ್ಲಿ ಹುಟ್ಟುತ್ತದೆ. ಎರಡು ವರುಷದ ಹೊತ್ತಿಗೆ ಮೇಲಿನಿಂದ ಕೆಳಕ್ಕೆ ನೆಟ್ಟಗಿನ ಗೆರೆ, ಆ ಬಳಿಕ ಅಡ್ಡಗೆರೆ ಬರುತ್ತವೆ. ಮೂರರ ಸುಮಾರಿಗೆ ಆರಂಭಿಸಿದ ಕಡೆಗೇ ಗೆರೆಯನ್ನು ತಂದು ಕೂಡಿಸಿ ದುಂಡು ಮಾಡುವುದು ಸಾಧ್ಯವಾಗುತ್ತದೆ. ನಾಲ್ಕರ ಹೊತ್ತಿಗೆ ಕೂಡುಗೆರೆ, ಅನಂತರ ಚೌಕ, ಐದರ ಸುಮಾರಿಗೆ ತ್ರಿಕೋಣ. ಇವು ಸ್ಥೂಲವಾದ ಲೆಕ್ಕಗಳು. ಒಂದು ಮಗು ಆರು ತಿಂಗಳು ಮುಂದೆ, ಇನ್ನೊಂದು ಆರು ತಿಂಗಳು ಹಿಂದೆ ಇರಬಹುದು. ಆದರೆ ಕ್ರಮ ಮಾತ್ರ ಬಹುಮಟ್ಟಿಗೆ ಇದೇ ಆಗಿರುತ್ತದೆ.

ದುಂಡು ಕೈವಶವಾದೊಡನೆ ಮಗು ಅದರೊಳಗೆ ಎರಡು ಚುಕ್ಕೆ ಇಡುತ್ತದೆ, ಕೆಳಗೆ ಎರಡು ಗೆರೆ ಎಳೆಯುತ್ತದೆ, ‘ಇದು ಅಪ್ಪ’ ಎನ್ನುತ್ತದೆ. ಹೊಟ್ಟೆಯಿಲ್ಲ, ಕುತ್ತಿಗೆಯಿಲ್ಲ, ತಲೆಯಿಂದಲೇ ಕಾಲು! ದೊಡ್ಡವರಿಗೆ ನಗು. ಆದರೆ ಭೂಮಿಯ ನಾನಾ ದೇಶಗಳ ಮಕ್ಕಳು ಮೊದಲ ಮನುಷ್ಯನನ್ನು ಹೀಗೆಯೇ ಬರೆಯುತ್ತಾರೆ. ಅಮೆರಿಕದ ರೋಡಾ ಕೆಲಾಗ್ ಎಂಬ ವಿದುಷಿ ಎಳೆಯ ಮಕ್ಕಳ ಹತ್ತು ಲಕ್ಷದಷ್ಟು ಚಿತ್ರಗಳನ್ನು ಸಂಗ್ರಹಿಸಿ ಪರಿಶೀಲಿಸಿದರು. ಆ ಗೀಚುಗಳಲ್ಲಿ 20 ಮೂಲ ರೂಪಗಳಿವೆಯೆಂದು ವಿಂಗಡಿಸಿ 1969ರಲ್ಲಿ ಗ್ರಂಥವನ್ನೂ ಹೊರತಂದರು. ಅದಕ್ಕೂ ಮೊದಲು 1947ರಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣವೇತ್ತರು ಎರಡರಿಂದ ನಾಲ್ಕು ವರುಷದವರೆಗಿನದನ್ನು ಗೀಚುವ ಹಂತವೆಂದೂ, ನಾಲ್ಕರಿಂದ ಏಳರವರೆಗಿನದನ್ನು ರೂಪಗಳು ಮೊಳೆಯುವ ಹಂತವೆಂದೂ ಗುರುತಿಸಿದ್ದರು. ಗೀಚು ಎಂಬುದು ಚಿತ್ರ ಬಾರದವನ ಅಡ್ಡಾದಿಡ್ಡಿ ಕೆಲಸವಲ್ಲ, ಚಿತ್ರಕ್ಕೂ ಅಕ್ಷರಕ್ಕೂ ಮೊದಲ ಮೆಟ್ಟಿಲು ಎಂಬುದು ಇದರಿಂದ ತಿಳಿಯುತ್ತದೆ.

ಮಗು ಕಂಡದ್ದನ್ನು ಬರೆಯುವುದಿಲ್ಲ. ತಿಳಿದದ್ದನ್ನು, ಮುಖ್ಯವೆನಿಸಿದ್ದನ್ನು ಬರೆಯುತ್ತದೆ. ಬಸುರಿ ತಾಯಿಯ ಚಿತ್ರ ಬರೆದು ಹೊಟ್ಟೆಯೊಳಗೆ ತಮ್ಮನನ್ನು ಕೂರಿಸುತ್ತದೆ. ಮನೆಗಿಂತ ಅಜ್ಜಿ ದೊಡ್ಡವಳಾಗಿರುತ್ತಾಳೆ. ಹೊಡೆದವನ ಕೈ ಮೈಗಿಂತ ಉದ್ದವಾಗಿರುತ್ತದೆ. ಆಕಳು ನೀಲಿ, ಅಪ್ಪ ಹಸಿರು. ಇವು ತಪ್ಪುಗಳಲ್ಲ. ಅಳತೆಯನ್ನು ಕಣ್ಣಿನಿಂದ ತೆಗೆಯದೆ ಮನಸ್ಸಿನಿಂದ ತೆಗೆಯುವ ವಯಸ್ಸು ಅದು.

ಕೈಗೆ ಆಗುವ ಲಾಭ

ಮೊದಲ ಲಾಭ ಕೈಗೆ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನಲ್ಲಿ ಇವು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ಮೊದಲ ವರುಷದಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ. ಉಳಿದವು ಒಂದೊಂದಾಗಿ ಆ ದಾರಿ ಹಿಡಿಯುತ್ತವೆ. ಕಡೆಯದು ಗಟ್ಟಿಯಾಗತೊಡಗುವುದು ಒಂಬತ್ತು ಹತ್ತು ವರುಷ ದಾಟುವ ಸುಮಾರಿಗೆ. ಇಂಥ ಎಳೆಯ ಕೈಗೆ ತೆಳ್ಳನೆಯ ಪೆನ್ಸಿಲು ಕೊಟ್ಟು, ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ತಿದ್ದಿಸಿದರೆ ಅದು ನೋಯದೆ ಇರುವುದೇ? ಮಗು ಅಳುವುದು ಸೋಮಾರಿತನದಿಂದಲ್ಲ, ಕೈ ನೋಯುವುದರಿಂದ.

ದಪ್ಪ ಕುಂಚ, ದಪ್ಪ ಬಣ್ಣದ ಕಡ್ಡಿ, ದೊಡ್ಡ ಕಾಗದ ಇವುಗಳ ಗುಣ ಬೇರೆ. ಮೊದಲು ಭುಜ, ಆಮೇಲೆ ಮೊಳಕೈ, ಆಮೇಲೆ ಮಣಿಕಟ್ಟು, ಕಡೆಗೆ ಬೆರಳು ಹೀಗೆ ಬಲವು ಮೇಲಿನಿಂದ ಕೆಳಗಿಳಿಯುತ್ತದೆ. ಮುಷ್ಟಿಯಿಂದ ಹಿಡಿಯುತ್ತಿದ್ದ ಮಗು ನಾಲ್ಕರ ಸುಮಾರಿಗೆ ಮೂರು ಬೆರಳುಗಳಿಂದ ಹಿಡಿಯತೊಡಗುತ್ತದೆ. ಐದಾರರ ಹೊತ್ತಿಗೆ ಆ ಮೂರು ಬೆರಳುಗಳೇ ಆಡತೊಡಗುತ್ತವೆ. ಈ ಹಿಡಿತ ಬಂದ ಮೇಲೆ ಲೇಖನಿ ಭಾರವೆನಿಸದು. ಗುಂಡಿ ಹಾಕಿಕೊಳ್ಳುವುದು, ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಉಣ್ಣುವುದು, ವಿಭೂತಿ ಧರಿಸುವುದು ಇವೂ ಅದೇ ಬೆರಳುಗಳ ಕೆಲಸವಲ್ಲವೇ?

ಅಕ್ಷರ ಹಿಂದೆ ಬೀಳುವುದೆಂದು ಅಂಜುವ ತಂದೆಯರು ಒಂದು ಮಾತನ್ನು ಗಮನಿಸಬೇಕು. ನಮ್ಮ ಕನ್ನಡದಲ್ಲಿ ಅಕ್ಷರವನ್ನೂ ‘ಬರೆಯುತ್ತೇವೆ’, ಚಿತ್ರವನ್ನೂ ‘ಬರೆಯುತ್ತೇವೆ’. ಎರಡಕ್ಕೂ ಒಂದೇ ಕ್ರಿಯಾಪದ. ಬರೆ ಎಂದರೆ ಗೆರೆ. ಮೇಲಾಗಿ ನಮ್ಮ ಲಿಪಿ ದುಂಡಗಿನ ಲಿಪಿ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹಲವನ್ನು ನೆಟ್ಟಗಿನ ಗೆರೆಗಳನ್ನು ಕೂಡಿಸಿ ನಿಲ್ಲಿಸಬಹುದು. ಕನ್ನಡದ ರ, ಠ, ದ, ಅ, ಇ ಯಾವುದನ್ನು ಬರೆಯಬೇಕಾದರೂ ಕೈ ಬಳುಕಬೇಕು, ತಿರುಗಬೇಕು, ಹೊರಟಲ್ಲಿಗೆ ಮರಳಬೇಕು. ಸೊನ್ನೆಯನ್ನು ಸಲೀಸಾಗಿ ಸುತ್ತುವ ಕೈಗೆ ಈ ಅಕ್ಷರಗಳು ಕಷ್ಟವಲ್ಲ. ಬಣ್ಣದಲ್ಲಿ ನೂರು ಸೂರ್ಯರನ್ನು, ನೂರು ಬಂಡಿಯ ಗಾಲಿಗಳನ್ನು ಬರೆದ ಮಗು ಅರಿಯದೆಯೇ ವರ್ಣಮಾಲೆಗೆ ಸಿದ್ಧವಾಗುತ್ತಿರುತ್ತದೆ.

ಇದು ಹೊಸ ವಿಚಾರವೂ ಅಲ್ಲ. ನಮ್ಮ ಹಳೆಯ ಮಠಗಳಲ್ಲಿ, ಐಗಳ ಶಾಲೆಗಳಲ್ಲಿ ಮಕ್ಕಳು ಮೊದಲು ಬೆರಳಿನಿಂದ ಮರಳಿನ ಮೇಲೆ ತಿದ್ದುತ್ತಿದ್ದರು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿಯ ಮಕ್ಕಳು ಹೀಗೆ ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಗೂ ಆ ಕ್ರಮವನ್ನು ತಂದನು. 1797ರಲ್ಲಿ ಆ ಕುರಿತು ಬರೆದು ಇಂಗ್ಲೆಂಡಿಗೂ ಒಯ್ದನು. ಮುಂದೆ ಮಾರಿಯಾ ಮಾಂಟೆಸ್ಸರಿಯವರು ಉಪ್ಪುಕಾಗದದ ಅಕ್ಷರಗಳನ್ನು ಮಾಡಿ ಬೆರಳಿನಿಂದ ಸವರಿಸಿದರು. ಬೆರಳು ಮೊದಲು, ಲೇಖನಿ ಆಮೇಲೆ ಎಂಬುದರಲ್ಲಿ ಎರಡು ದಾರಿಗಳೂ ಒಂದೇ.

ಬುದ್ಧಿಗೆ, ಮಾತಿಗೆ, ಮನಸ್ಸಿಗೆ

ಎರಡನೆಯದು ಬುದ್ಧಿಗೆ ಆಗುವ ಲಾಭ. ಹಳದಿಗೆ ನೀಲಿ ತಾಗಿದರೆ ಹಸಿರಾಗುತ್ತದೆ. ನೀರು ಹೆಚ್ಚಾದರೆ ಬಣ್ಣ ತೆಳುವಾಗಿ ಹರಿಯುತ್ತದೆ. ಒದ್ದೆಯಿರುವಾಗಲೇ ಮೇಲೆ ಬಳಿದರೆ ಎರಡೂ ಕೆಡುತ್ತವೆ, ಕಾದರೆ ಉಳಿಯುತ್ತವೆ. ಕಾರಣವೇನು, ಕಾರ್ಯವೇನು ಎಂಬುದನ್ನು ತರ್ಕಶಾಸ್ತ್ರ ಓದದೆಯೇ ಮಗು ಇಲ್ಲಿ ಕಲಿಯುತ್ತದೆ. ಕಾಗದದ ಮೇಲೆ ಎಲ್ಲಿ ಮನೆ, ಎಲ್ಲಿ ಮರ ಎಂದು ನಿಶ್ಚಯಿಸುವಾಗ ಮೇಲೆ ಕೆಳಗೆ, ಒಳಗೆ ಹೊರಗೆ, ದೊಡ್ಡದು ಚಿಕ್ಕದು ಎಂಬ ಎಣಿಕೆಯೂ ಮನಸ್ಸಿನಲ್ಲಿ ನಡೆಯುತ್ತದೆ. ಇದು ಗಣಿತದ ಹೊಸ್ತಿಲು.

ಮೂರನೆಯದು ಮಾತಿಗೆ. ಚಿತ್ರ ಮುಗಿದ ಮೇಲೆ ಮಗು ಅದರ ಕಥೆ ಹೇಳುತ್ತದೆ. ‘ಇದು ಹಾವು, ಇದಕ್ಕೆ ಹಸಿವು, ಅಜ್ಜ ಬಂದರು, ಹಾವು ಓಡಿತು.’ ಆ ಕಥೆಯನ್ನು ಕಿವಿಗೊಟ್ಟು ಕೇಳುವ ತಾಯಿ ದಿನಕ್ಕೆ ಹತ್ತು ಹೊಸ ವಾಕ್ಯಗಳನ್ನು ಮಗುವಿನ ಬಾಯಿಂದ ಹೊರಡಿಸುತ್ತಾಳೆ. ಬೆಂಗಳೂರು, ಪುಣೆ ಮುಂತಾದ ಕಡೆ ಇದ್ದು ಮಗುವಿಗೆ ಕನ್ನಡ ತಪ್ಪುತ್ತಿದೆ ಎಂದು ಕೊರಗುವ ಮನೆಯವರು ಈ ಉಪಾಯವನ್ನು ಮಾಡಿ ನೋಡಲಿ; ಚಿತ್ರದ ಮುಂದೆ ಕುಳಿತು ಕನ್ನಡದಲ್ಲಿ ಕೇಳಲಿ.

ನಾಲ್ಕನೆಯದು ಮನಸ್ಸಿಗೆ. ಮನೆಗೆ ತಂಗಿ ಬಂದಾಗಿನ ಅಸೂಯೆ, ಅಜ್ಜ ಲಿಂಗೈಕ್ಯರಾದಾಗಿನ ಕಳವಳ, ಸೂಜಿ ಚುಚ್ಚಿದ ವೈದ್ಯರ ಭಯ ಇವುಗಳನ್ನು ಹೇಳಲು ನಾಲ್ಕು ವರುಷದ ಮಗುವಿಗೆ ಮಾತು ಸಾಲದು. ಕೈಯಲ್ಲಿ ಬಣ್ಣವಿದ್ದರೆ ಅದು ಹೊರಗೆ ಬರುತ್ತದೆ, ಬಂದು ಹಗುರವಾಗುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮಗು ಎಲ್ಲವನ್ನೂ ಕಪ್ಪಿನಲ್ಲಿ ಬರೆದರೆ ಏನೋ ಕೇಡಾಗಿದೆ ಎಂದು ಹೆದರುವವರಿದ್ದಾರೆ. ಕೈಗೆ ಹತ್ತಿರವಿದ್ದ ಕಡ್ಡಿ ಕಪ್ಪಾಗಿತ್ತು ಎಂಬುದಷ್ಟೇ ಅನೇಕ ವೇಳೆ ಕಾರಣವಾಗಿರುತ್ತದೆ. ಒಂದು ಚಿತ್ರ ನೋಡಿ ಮಗುವಿನ ಜಾತಕ ಬರೆಯಹೋಗಬಾರದು. ಊಟ, ನಿದ್ದೆ, ಆಟ, ಮಾತು ಇವು ಬಹುದಿನ ಏರುಪೇರಾದರೆ ವೈದ್ಯರಲ್ಲಿಗೆ ಹೋಗಬೇಕು. ಚಿತ್ರದ ಬಣ್ಣದಿಂದಲೇ ನಿರ್ಣಯ ಮಾಡಬಾರದು.

ಐದನೆಯದು ಶೀಲಕ್ಕೆ. ಅರ್ಧ ಗಂಟೆ ಒಂದೇ ಕೆಲಸದಲ್ಲಿ ನಿಲ್ಲುವುದು, ಅಣ್ಣ ಕುಂಚ ಕೊಡುವವರೆಗೆ ಕಾಯುವುದು, ಮುಗಿದ ಮೇಲೆ ಬಟ್ಟಲು ತೊಳೆದಿಡುವುದು ಇವು ದೊಡ್ಡ ಪಾಠಗಳು. ಬಸವಾದಿ ಶರಣರು ಕೈಯ ದುಡಿಮೆಯನ್ನು ಕೀಳೆಂದು ಎಣಿಸಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬಿದಿರು ಹೆಣೆದರು, ಜೇಡರ ದಾಸಿಮಯ್ಯನವರು ಬಟ್ಟೆ ನೆಯ್ದರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಸಂಪ್ರದಾಯ ನಮ್ಮದು. ಅಂಗೈಗೆ ಇಷ್ಟು ಗೌರವವಿತ್ತ ಸಮಾಜದಲ್ಲಿ ಮಗುವಿನ ಕೈಗೆಲಸವನ್ನು ಹಗುರವಾಗಿ ಕಾಣುವುದು ತರವಲ್ಲ. ಆಟವೇ ಮಗುವಿನ ಕಾಯಕ. ಬಣ್ಣವಾಡುವುದು ಅದರಲ್ಲಿ ಒಂದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಬಣ್ಣ ಬಳಿದ ಮಗು ಮುಂದೆ ತರಗತಿಗೆ ಮೊದಲಿಗನಾಗುತ್ತದೆ ಎಂದೇನೂ ನಾನು ಹೇಳುವುದಿಲ್ಲ. ಚಿತ್ರಗಾರನಾಗುತ್ತದೆ ಎಂದೂ ಹೇಳುವುದಿಲ್ಲ. ಅನ್ನ ಉಂಡವರೆಲ್ಲ ಪೈಲವಾನರಾಗುವುದಿಲ್ಲ. ಹಾಗೆಂದು ಅನ್ನವನ್ನು ಬಿಡುವುದುಂಟೇ?

ನಮ್ಮ ಹಬ್ಬಗಳಲ್ಲಿದ್ದ ಕಲಾಶಾಲೆ

ನಮ್ಮ ಅಜ್ಜಿಯರು ಶಿಶು ಶಿಕ್ಷಣದ ಗ್ರಂಥ ಓದಿದವರಲ್ಲ. ಆದರೆ ಅವರ ವರುಷದ ಹಬ್ಬಗಳಲ್ಲಿಯೇ ಈ ಶಿಕ್ಷಣ ಅಡಗಿತ್ತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವಾಗ ಮಕ್ಕಳ ಕೈಗೂ ಬಣ್ಣ ಬರುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು ಮಾಡಿ, ಕುಸುಬಿ ಕಾಳು, ಗುಲಗಂಜಿಗಳನ್ನು ಕಣ್ಣಿಗೆ, ಕೊರಳಿಗೆ ಮೆತ್ತುತ್ತಿದ್ದರು. ಆಷಾಢದಲ್ಲಿ ಮಣ್ಣಿನ ಗುಳ್ಳವ್ವ, ನಾಗಪಂಚಮಿಗೆ ಮಣ್ಣಿನ ನಾಗಪ್ಪ, ದೀಪಾವಳಿಗೆ ಸಗಣಿಯ ಪಾಂಡವರು. ಮಲೆನಾಡಿನಲ್ಲಿ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳುಪಿನಿಂದ ಚಿತ್ತಾರ ತೆಗೆಯುತ್ತಾರೆ. ಆ ಎಳೆಯನ್ನು ಮಕ್ಕಳು ಮಗ್ಗುಲಲ್ಲಿ ಕೂತೇ ಕಲಿಯುತ್ತಾರೆ. ದಿನನಿತ್ಯವೂ ಬಾಗಿಲಲ್ಲಿ ಅವ್ವ ರಂಗೋಲಿಯ ಚುಕ್ಕೆ ಇಡುವಾಗ ಮಗು ಒಂದು ಹಿಡಿ ಪುಡಿ ಚೆಲ್ಲಿ ತನ್ನದೊಂದು ರಂಗೋಲಿ ಹಾಕುತ್ತಿತ್ತು. ಪೂಜೆಯ ಹೊತ್ತಿನಲ್ಲಿ ಅಜ್ಜ ಮೂರು ಬೆರಳಿನಿಂದ ಹಣೆಗೆ ಎಳೆಯುವ ವಿಭೂತಿಯ ಮೂರು ಗೆರೆಗಳೇ ಎಷ್ಟೋ ಮಕ್ಕಳು ಕಣ್ಣಾರೆ ಕಂಡ ಮೊದಲ ಅಚ್ಚುಕಟ್ಟಾದ ಗೆರೆಗಳು.

ಇಂದು ಎರೆಮಣ್ಣು ಪೇಟೆಯ ಮಗುವಿಗೆ ಸಿಗದು. ಮಣ್ಣೆತ್ತುಗಳನ್ನು ಅಂಗಡಿಯಿಂದ ಕೊಂಡು ತರುತ್ತೇವೆ. ರಂಗೋಲಿಯೂ ಅಂಟಿಸುವ ಹಾಳೆಯಾಗಿ ಬಂದಿದೆ. ತಾನಾಗಿಯೇ ಸಿಗುತ್ತಿದ್ದುದು ತಪ್ಪಿದ ಮೇಲೆ ನಾವೇ ತಿಳಿದು ಒದಗಿಸಬೇಕಾಗಿದೆ.

ಬಲ್ಲವರ ಅನುಭವ

ವಿಯೆನ್ನಾ ನಗರದ ಫ್ರಾಂಟ್ಸ್ ಚಿಜೆಕ್ ಎಂಬ ಕಲಾವಿದ 1897ರಲ್ಲಿಯೇ ಮಕ್ಕಳಿಗೆಂದು ಚಿತ್ರಶಾಲೆ ತೆರೆದು, ದೊಡ್ಡವರ ಚಿತ್ರವನ್ನು ನಕಲು ಮಾಡಿಸುವ ಪದ್ಧತಿಯನ್ನು ಕೈಬಿಟ್ಟರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು ವಕೀಲಿ ವೃತ್ತಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ಹೊಡೆತ, ಬೈಗುಳ ಇಲ್ಲದೆ ಆಟ, ಹಾಡು, ಕಥೆ, ಚಿತ್ರಗಳಿಂದಲೇ ಕಲಿಸಿದ ಅವರನ್ನು ಗುಜರಾತಿನ ಜನ ‘ಮೀಸೆಯ ತಾಯಿ’ ಎಂದು ಕರೆದರು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದರು ಗಾಂಧೀಜಿಯವರ ಸೇವಾಗ್ರಾಮದಲ್ಲಿ ಹಳ್ಳಿಯ ಮಕ್ಕಳಿಗೆ ವರುಷಗಟ್ಟಲೆ ಚಿತ್ರ ಕಲಿಸಿ, ಕಲೆಯೇ ಶಿಕ್ಷಣಕ್ಕೆ ತಳಹದಿಯೆಂದು ಪ್ರತಿಪಾದಿಸಿದರು.

ಸರ್ಕಾರವೂ ಇದನ್ನು ಒಪ್ಪಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ಟಿ. ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಮೂರರಿಂದ ಆರು ವರುಷದ ಮಕ್ಕಳಿಗೆ ಆಟದ ಮೂಲಕ ಶಾಲಾಪೂರ್ವ ಶಿಕ್ಷಣ ಕೊಡುವುದು ಅಂಗನವಾಡಿಯ ಉದ್ದೇಶಗಳಲ್ಲಿ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟ, ಚಿತ್ರ, ಕೈಗೆಲಸಗಳನ್ನೇ ಮುಂದಿಟ್ಟಿದೆ. ಅಂಗನವಾಡಿಯೆಂದರೆ ಹಿಟ್ಟು ಹಂಚುವ ಕೇಂದ್ರವೆಂದಷ್ಟೇ ತಿಳಿಯದೆ, ಊರಿನ ಅನುಕೂಲಸ್ಥರು ಅಲ್ಲಿಗೆ ಒಂದು ಕಟ್ಟು ಕಾಗದ, ನಾಲ್ಕು ಡಬ್ಬಿ ಬಣ್ಣ ಒಪ್ಪಿಸಿದರೆ ಅದೂ ದಾಸೋಹವೇ.

ಹಿರಿಯರು ಮಾಡಬಾರದ ಕೆಲಸ

ಬಣ್ಣ ಕೊಡುವುದು ಸುಲಭ. ಕೊಟ್ಟ ಮೇಲೆ ಸುಮ್ಮನಿರುವುದು ಕಷ್ಟ. ಮಗು ನೀಲಿ ಆಕಳು ಬರೆದರೆ ‘ಆಕಳು ನೀಲಿ ಇರುತ್ತದೆಯೇ?’ ಎಂದು ತಿದ್ದಬಾರದು. ‘ಇದೇನು?’ ಎಂದು ಪೊಲೀಸರಂತೆ ವಿಚಾರಿಸಬಾರದು. ‘ಇದರ ಬಗ್ಗೆ ನನಗೆ ಹೇಳು’ ಎನ್ನಬೇಕು. ಮಗುವಿನ ಕೈ ಹಿಡಿದು ಗುಡ್ಡ, ಸೂರ್ಯ, ಮನೆ ಬರೆಸಬಾರದು. ಹಾಗೆ ಮಾಡಿದರೆ ಮರುದಿನದಿಂದ ಅದು ‘ನನಗೆ ಬರುವುದಿಲ್ಲ, ನೀನೇ ಬರೆದುಕೊಡು’ ಎನ್ನತೊಡಗುತ್ತದೆ. ಅಕ್ಕನ ಚಿತ್ರದೊಡನೆ ತಮ್ಮನ ಚಿತ್ರವನ್ನು ಹೋಲಿಸಬಾರದು. ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬುವ ಪುಸ್ತಕ ಅಪರೂಪಕ್ಕೆ ಇರಲಿ. ಅದೇ ಚಿತ್ರಕಲೆಯೆಂದು ತಿಳಿಯುವುದು ಬೇಡ. ಗೆರೆ ದಾಟದಿರುವುದನ್ನು ಅದು ಕಲಿಸೀತು. ಗೆರೆ ಎಳೆಯುವುದನ್ನು ಕಲಿಸಲಾರದು.

ಬಹುಮಾನದ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಈಗ ಜಾತ್ರೆಯಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ಮೂರು ವರುಷದ ಮಕ್ಕಳಿಗೂ ಚಿತ್ರಸ್ಪರ್ಧೆ. ತಾಯಂದಿರು ಬೆನ್ನ ಹಿಂದೆ ನಿಂತು ‘ಅದು ಹಚ್ಚು, ಇದು ಹಚ್ಚು’ ಎನ್ನುತ್ತಾರೆ. ಬಹುಮಾನ ಬಾರದಿದ್ದರೆ ಮಗು ಅಳುತ್ತ ಮನೆಗೆ ಹೋಗುತ್ತದೆ. 1973ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಒಂದು ಪರೀಕ್ಷೆ ನಡೆಸಿದರು. ಚಿತ್ರ ಬರೆಯಲು ತಾವಾಗಿಯೇ ಇಷ್ಟಪಡುತ್ತಿದ್ದ ಮೂರರಿಂದ ಐದು ವರುಷದ 51 ಮಕ್ಕಳನ್ನು ಆರಿಸಿದರು. ಕೆಲವರಿಗೆ ‘ಚಿತ್ರ ಬರೆದರೆ ಚಿನ್ನದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಬರೆಸಿದರು. ಕೆಲವರಿಗೆ ಮೊದಲು ಹೇಳದೆ, ಬರೆದಾದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಬಳಿಕ ಶಿಶುವಿಹಾರದಲ್ಲಿ ಬಣ್ಣಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದರು. ಆನಂದಕ್ಕಾಗಿ ಮಾಡುತ್ತಿದ್ದುದು ಕೂಲಿಯ ಕೆಲಸವಾಗಿ ಹೋಗಿತ್ತು! ಫಲವನ್ನು ಬಯಸದ ಕಾಯಕದ ಹಿರಿಮೆಯನ್ನು ವೇದಿಕೆಯ ಮೇಲೆ ನಾವೇ ಹೊಗಳಿ, ಅದೇ ವೇದಿಕೆಯಲ್ಲಿ ಕೂಸುಗಳಿಗೆ ಪದಕದ ಆಸೆ ಹಚ್ಚುವುದು ಎಷ್ಟು ಸರಿ? ಸಂಘ ಸಂಸ್ಥೆಗಳವರು ಆರು ವರುಷದೊಳಗಿನ ಮಕ್ಕಳಿಗೆ ಸ್ಪರ್ಧೆ ಬಿಟ್ಟು ಚಿತ್ರಮೇಳ ನಡೆಸಲಿ. ಎಲ್ಲ ಚಿತ್ರಗಳನ್ನೂ ತೂಗುಹಾಕಲಿ, ಎಲ್ಲರಿಗೂ ಪ್ರಸಾದ ಕೊಡಲಿ.

ಮೊಬೈಲಿನಲ್ಲಿಯೂ ಬಣ್ಣ ತುಂಬುವ ಆಟಗಳಿವೆಯಲ್ಲ ಎನ್ನುವವರುಂಟು. ಗಾಜಿನ ಮೇಲೆ ಬೆರಳು ಜಾರಿಸಿದರೆ ಕೈಗೆ ಭಾರವಿಲ್ಲ, ಒದ್ದೆಯಿಲ್ಲ, ವಾಸನೆಯಿಲ್ಲ. ಬಣ್ಣ ಹರಿಯುವುದಿಲ್ಲ, ಕೂಡುವುದಿಲ್ಲ. ಎರಡರಿಂದ ನಾಲ್ಕು ವರುಷದ ಮಕ್ಕಳು ಕುಳಿತು ಪರದೆ ನೋಡುವ ಕಾಲ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ತಿಳಿಸಿದೆ.

ಏನು ಕೊಡಬೇಕು, ಹೇಗೆ ಕೊಡಬೇಕು

ಇದಕ್ಕೆ ಹಣ ಬೇಕಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಲಗ್ನಪತ್ರಿಕೆಯ ಬರಿಯ ಮಗ್ಗುಲು, ದಿನಪತ್ರಿಕೆ ಇವೇ ಕಾಗದ. ಬೇವಿನ ಕಡ್ಡಿಯ ತುದಿ ಜಜ್ಜಿದರೆ ಕುಂಚ. ಕಡ್ಡಿಗೆ ಅರಳೆ ಸುತ್ತಿದರೂ ಕುಂಚ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಅದ್ದಿ ಒತ್ತಿದರೆ ಹೂವು ಮೂಡುತ್ತದೆ. ಎಲ್ಲಕ್ಕಿಂತ ಒಳ್ಳೆಯ ಕುಂಚ ಮಗುವಿನ ಬೆರಳೇ.

ಬಣ್ಣವನ್ನೂ ಮನೆಯಲ್ಲಿಯೇ ಮಾಡಬಹುದು. ಮೈದಾ ಇಲ್ಲವೆ ಅಕ್ಕಿಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಕುದಿಸಿ ಆರಿಸಿರಿ. ನಾಲ್ಕು ಬಟ್ಟಲಿಗೆ ಹಂಚಿ, ಒಂದಕ್ಕೆ ಅರಿಸಿನ, ಒಂದಕ್ಕೆ ಬೀಟ್‌ರೂಟಿನ ರಸ, ಒಂದಕ್ಕೆ ಅರೆದ ಪಾಲಕದ ರಸ, ಒಂದಕ್ಕೆ ಬಸಳೆ ಹಣ್ಣಿನ ರಸ ಬೆರೆಸಿರಿ. ಅರಿಸಿನದ ಬಟ್ಟಲಿಗೆ ಸ್ವಲ್ಪ ಅಡಿಗೆ ಸೋಡಾ ಹಾಕಿದರೆ ಹಳದಿ ಕೆಂಪಿಗೆ ತಿರುಗುತ್ತದೆ. ಮಕ್ಕಳಿಗೆ ಇದೊಂದು ವಿನೋದ. ಸೋಸಿದ ಕೆಮ್ಮಣ್ಣು, ಪುಡಿ ಮಾಡಿದ ಇದ್ದಿಲು ಇವೂ ಒಳ್ಳೆಯ ಬಣ್ಣಗಳೇ. ಗಂಜಿಯ ಬಣ್ಣ ಬೇಗ ಹಳಸುವುದರಿಂದ ಆ ದಿನದ್ದನ್ನು ಆ ದಿನವೇ ಮುಗಿಸುವುದು ಮೇಲು.

ಕೆಲವು ಎಚ್ಚರಿಕೆಗಳು. ಬಾಗಿಲಿಗೆ, ಕಬ್ಬಿಣದ ಸರಳಿಗೆ ಬಳಿದು ಉಳಿದ ಎಣ್ಣೆಬಣ್ಣವನ್ನು ಮಕ್ಕಳ ಕೈಗೆ ಎಂದಿಗೂ ಕೊಡಬಾರದು. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಅದು ಎಳೆಯ ಮೆದುಳಿಗೆ ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಡಬ್ಬಿಗಳು ಎಷ್ಟೋ ಮನೆಗಳ ಮೂಲೆಯಲ್ಲಿ ಇನ್ನೂ ಕೂತಿವೆ. ಪೇಟೆಯ ಸಿಂಧೂರದಲ್ಲಿಯೂ ಸೀಸ ಇರಬಹುದಾದ್ದರಿಂದ ಅದನ್ನು ಆಟಕ್ಕೆ ಬಳಸುವುದು ಬೇಡ. ಎಲೆಯಡಿಕೆಯ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೆ ಅಪಾಯ, ಅದನ್ನೂ ದೂರವಿಡಿ. ಮಗು ಬಳಪವನ್ನು ಮತ್ತೆ ಮತ್ತೆ ತಿನ್ನುತ್ತಿದ್ದರೆ ಬೈಯದೆ ವೈದ್ಯರಿಗೆ ತೋರಿಸಿರಿ; ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದಾಗ ಮಕ್ಕಳು ಹಾಗೆ ಮಾಡುವುದುಂಟು. ಎಡಗೈಯಲ್ಲಿ ಕುಂಚ ಹಿಡಿಯುವ ಮಗುವನ್ನು ಬಲಗೈಗೆ ಒತ್ತಾಯಿಸಬಾರದು.

ಇನ್ನು ಆ ಸೋದರಿಯ ಗೋಡೆಯ ಮಾತು. ಮಾವನವರು ನೊಂದುಕೊಂಡದ್ದು ತಪ್ಪಲ್ಲ. ಮನೆಯ ಒಪ್ಪ ಓರಣವೂ ಒಂದು ಮೌಲ್ಯವೇ. ಆದ್ದರಿಂದ ಹಿತ್ತಿಲ ಕಡೆಯ ಗೋಡೆಯಲ್ಲಿ ಮಗುವಿನ ಎತ್ತರಕ್ಕೆ ಸರಿಯಾಗಿ ಎರಡು ಮೊಳದಷ್ಟು ಜಾಗಕ್ಕೆ ಕೆಮ್ಮಣ್ಣು ಸಾರಿಸಿ, ‘ಇದು ನಿನ್ನದು, ಉಳಿದದ್ದು ಎಲ್ಲರದು’ ಎಂದು ಹೇಳಿರಿ. ಆ ಮಾತನ್ನು ಅಜ್ಜನವರ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು. ಸಾರಿಸುವಾಗ ಮೊಮ್ಮಗನನ್ನೂ ಜೊತೆಗೆ ಕೂಡಿಸಿಕೊಳ್ಳಲಿ. ಬಣ್ಣದ ಹೊತ್ತು, ಬಣ್ಣದ ಜಾಗ, ಬಣ್ಣದ ಹಳೆಯ ಅಂಗಿ ಈ ಮೂರು ಗೊತ್ತಾದರೆ ಮನೆ ಕೆಡುವುದಿಲ್ಲ. ಪತಿಯವರಿಗೆ ಹೀಗೆ ಹೇಳಿರಿ: ಅಕ್ಷರ ಬೇಡವೆಂದು ಯಾರೂ ಹೇಳುತ್ತಿಲ್ಲ, ಕಥೆ ಕೇಳುತ್ತ, ಹಾಡುತ್ತ, ಅಂಗಡಿಯ ಫಲಕ ನೋಡುತ್ತ ಅಕ್ಷರದ ಪರಿಚಯವಾಗಲಿ, ಬರೆಯುವ ಒತ್ತಾಯ ಮಾತ್ರ ಇನ್ನೂ ಒಂದೆರಡು ವರುಷ ತಡೆಯಲಿ. ಆ ಒಂದೆರಡು ವರುಷಗಳಲ್ಲಿ ಕೈ ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಬರೆಯುವುದೆಂದರೆ ಶಿಕ್ಷೆ ಎಂಬ ಭಾವ ಒಮ್ಮೆ ಮನಸ್ಸಿನಲ್ಲಿ ನೆಟ್ಟರೆ ಅದನ್ನು ಕೀಳಲು ಹತ್ತು ವರುಷ ಸಾಲದು. ಬಣ್ಣದ ಪೆಟ್ಟಿಗೆಯನ್ನು ಅಟ್ಟದಿಂದ ಅವರ ಕೈಯಿಂದಲೇ ಇಳಿಸಲಿ. ಭಾನುವಾರ ಅರ್ಧ ಗಂಟೆ ಮಗನ ಜೊತೆ ನೆಲದ ಮೇಲೆ ಕೂರಲಿ.

ಕೊನೆಯ ಮಾತು. ಚಿತ್ರ ಮುಗಿದಾಗ ಮಗು ಅದನ್ನು ಎತ್ತಿಕೊಂಡು ಓಡಿಬಂದು ನಿಮ್ಮ ಮುಂದೆ ಹಿಡಿಯುತ್ತದೆ. ತಾನು ದುಡಿದದ್ದನ್ನು ತಾನಿಟ್ಟುಕೊಳ್ಳದೆ ಇನ್ನೊಬ್ಬರಿಗೆ ಒಪ್ಪಿಸುವ ಗುಣವನ್ನು ಯಾರೂ ಅದಕ್ಕೆ ಕಲಿಸಿರುವುದಿಲ್ಲ. ಆ ಹೊತ್ತಿನಲ್ಲಿ ಒಲೆಯ ಮೇಲಿನ ಹಾಲನ್ನು ಇಳಿಸಿ, ಕೈ ಒರೆಸಿಕೊಂಡು, ಎರಡೂ ಕೈಯಿಂದ ತೆಗೆದುಕೊಳ್ಳಿರಿ. ಹಿಂಬದಿಯಲ್ಲಿ ತಾರೀಖು ಬರೆಯಿರಿ; ಮಗು ಹೇಳಿದ ಕಥೆಯನ್ನು ಅದರ ಮಾತಿನಲ್ಲಿಯೇ ಎರಡು ಸಾಲು ಬರೆದಿಡಿರಿ. ವರುಷದ ಕೊನೆಗೆ ಆ ಹಾಳೆಗಳನ್ನು ಒಂದಾದ ಮೇಲೊಂದು ಹರಡಿ ನೋಡಿದರೆ ಮಗು ಎಷ್ಟು ಬೆಳೆಯಿತೆಂಬುದು ಯಾವ ಅಂಕಪಟ್ಟಿಗಿಂತಲೂ ಚೆನ್ನಾಗಿ ನಿಮಗೆ ತಿಳಿಯುತ್ತದೆ.